ಫ್ರಾಂಕೆಲ್ ರಕ್ತವೋ, ಸ್ಟ್ರೀಟ್ ಕ್ರೈ ರಕ್ತವೋ? ರೇಸ್ ಕುದುರೆಗೆ ಪಾಲು ಹಾಕುವ ಕೊಡಗಿನವರಿಗೆ ಒಂದು ಹೋಲಿಕೆ

ಕಾಫಿಗೆ ಒಳ್ಳೆ ಬೆಲೆ ಸಿಕ್ಕ ಮೇಲೆ ಗೋಣಿಕೊಪ್ಪ, ಪೊನ್ನಂಪೇಟೆ, ಸಿದ್ದಾಪುರ ಕಡೆಯ ಕೆಲವು ಗೆಳೆಯರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಮೈಸೂರಲ್ಲೋ ಬೆಂಗಳೂರಲ್ಲೋ ಒಂದು ರೇಸ್ ಕುದುರೆಗೆ ಪಾಲು ಹಾಕೋಣ ಅಂತಿದ್ದೀವಿ. ಫ್ರಾಂಕೆಲ್‌ನ ತಂದೆ ಗೆಲಿಲಿಯೊ ರಕ್ತದ್ದು ಒಂದು ಇದೆಯಂತೆ, ಸ್ಟ್ರೀಟ್ ಕ್ರೈ ರಕ್ತದ್ದು ಇನ್ನೊಂದು. ಯಾವುದು ತಗೊಳ್ಳೋದು?"

ಹೆಸರು ಕೇಳಿ ಉತ್ತರ ಹೇಳಲು ಬರುವುದಿಲ್ಲ. ದೊಡ್ಡ ಕುದುರೆಗಳಿಗೆ ಎರಡು ಬದುಕು ಇರುತ್ತದೆ. ಒಂದು ಓಟದ್ದು, ಎರಡು ಮೂರು ವರ್ಷ. ಇನ್ನೊಂದು ಸ್ಟಡ್ ಫಾರ್ಮಿನದು, ಅಂದರೆ ಮರಿ ಮಾಡಿಸುವ ಜಾಗದ್ದು, ಹದಿನೈದು ಇಪ್ಪತ್ತು ವರ್ಷ. ಮೊದಲನೆಯದರಲ್ಲಿ ಗೆದ್ದದ್ದು ಎರಡನೆಯದರಲ್ಲಿ ಸೋತಿದೆ. ತನ್ನ ದೇಶದ ಬ್ರೀಡರ್‌ಗಳಿಗೆ ಬೇಡವಾದ ಕುದುರೆ ಸ್ಟಡ್‌ನಲ್ಲಿ ಒಂದು ದೇಶದ ತಳಿಯನ್ನೇ ಬದಲಿಸಿದೆ. ಹಾಗಾಗಿ ಲೋಕದ ಅತಿ ಮೇಲಿನ ಕೆಲವು ಕುದುರೆಗಳನ್ನು ಈ ಎರಡು ಲೆಕ್ಕದಲ್ಲೂ ಪಕ್ಕಪಕ್ಕ ಇಟ್ಟು ನೋಡೋಣ. ಆಮೇಲೆ ನಮ್ಮ ಆಯ್ಕೆಗೆ ಬರೋಣ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಹರಾಜಿನ ಕ್ಯಾಟಲಾಗ್ ಕೈಗೆ ಬಂದಾಗ ಮೊದಲು ತಾಯಿ ಕುದುರೆಯ ಕಥೆ ಓದಿ, ತಂದೆಯ ಹೆಸರು ಆಮೇಲೆ ನೋಡಿ. ಬೆಟ್ಟಿಂಗ್ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಅದು ಬೇರೆಯೇ ವಿಷಯ.

ರೇಟಿಂಗ್ ಓದುವುದು ಹೇಗೆ

ವರ್ಷ ಮುಗಿದ ಮೇಲೆ ಕುದುರೆ ರೇಸಿಂಗ್ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಲೋಕದ ಅತ್ಯುತ್ತಮ ಕುದುರೆಗಳ ಪಟ್ಟಿ ಕೊಡುತ್ತದೆ. ಅದರಲ್ಲಿರುವ ಅಂಕಿ ಪೌಂಡ್ ತೂಕದ ಲೆಕ್ಕ. ಒಂದು ಕುದುರೆಗೆ 130, ಇನ್ನೊಂದಕ್ಕೆ 120 ಅಂದರೆ, ಮೊದಲನೆಯದು ಬೆನ್ನ ಮೇಲೆ 10 ಪೌಂಡ್ ಜಾಸ್ತಿ ಹೊತ್ತರೂ ಇಬ್ಬರೂ ಸರಿಸಮ ಬರಬೇಕು. ಒಂದು ಮೈಲಿ ಓಟದಲ್ಲಿ ಸುಮಾರು 2 ಪೌಂಡ್ ಅಂದರೆ ಒಂದು ಲೆಂಗ್ತ್, ಅಂದರೆ ಒಂದು ಕುದುರೆಯ ಮೈ ಉದ್ದ, ಹೆಚ್ಚುಕಡಿಮೆ 2.4 ಮೀಟರ್. ಅಲ್ಲಿಗೆ 10 ಪೌಂಡ್ ವ್ಯತ್ಯಾಸ ಐದು ಲೆಂಗ್ತ್ ಆಯಿತು.

ಇದು ಗಡಿಯಾರದ ಲೆಕ್ಕವಲ್ಲ ಅನ್ನುವುದನ್ನು ಮರೆಯಬಾರದು. ಯಾರನ್ನು, ಎಷ್ಟು ಅಂತರದಲ್ಲಿ ಸೋಲಿಸಿತು ಅನ್ನುವುದರ ಮೇಲೆ ಕೂತು ಯೋಚಿಸಿ ಹಾಕಿದ ಅಂಕಿ. ಕಾಲ ಬದಲಾದಾಗ ಅಂಕಿಯನ್ನೂ ತಿದ್ದಿದ್ದಾರೆ. 1986ರ ಡ್ಯಾನ್ಸಿಂಗ್ ಬ್ರೇವ್‌ಗೆ 141 ಇತ್ತು. 2013ರ ಜನವರಿಯಲ್ಲಿ ಹಳೆಯ ರೇಟಿಂಗ್‌ಗಳನ್ನೆಲ್ಲ ಮತ್ತೆ ತೂಗಿ ಅದನ್ನು 138ಕ್ಕೆ ಇಳಿಸಿದರು. ಆಗ 140 ಪಡೆದಿದ್ದ ಫ್ರಾಂಕೆಲ್ ಪಟ್ಟಿಯ ತುದಿಗೆ ಬಂತು. ಇದರ ಬಗ್ಗೆ ಇವತ್ತಿಗೂ ಜಗಳ ನಡೆಯುತ್ತದೆ. ಬೇರೆ ಬೇರೆ ಕಾಲದ ಕುದುರೆಗಳ ನಡುವೆ ಎರಡು ಮೂರು ಪೌಂಡ್ ವ್ಯತ್ಯಾಸ ಇದ್ದರೆ ನಾನಂತೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಬ್ಬರಿಗೂ 140: ಫ್ರಾಂಕೆಲ್ ಮತ್ತು ಫ್ಲೈಟ್‌ಲೈನ್

ಈ ಪಟ್ಟಿಯಲ್ಲಿ 140 ಮುಟ್ಟಿ ತುದಿಯಲ್ಲಿ ಇರುವುದು ಎರಡೇ ಕುದುರೆ. 2012ರಲ್ಲಿ ಇಂಗ್ಲೆಂಡಿನ ಫ್ರಾಂಕೆಲ್, 2022ರಲ್ಲಿ ಅಮೆರಿಕದ ಫ್ಲೈಟ್‌ಲೈನ್. ಎರಡೂ ಒಮ್ಮೆಯೂ ಸೋತಿಲ್ಲ. ಆದರೆ ದಾರಿ ತುಂಬಾ ಬೇರೆ.

ಫ್ರಾಂಕೆಲ್ ಹುಟ್ಟಿದ್ದು 2008ರಲ್ಲಿ. ತಂದೆ ಗೆಲಿಲಿಯೊ, ತಾಯಿ ಕೈಂಡ್. ಮಾಲೀಕರು ಸೌದಿಯ ರಾಜಕುಮಾರ ಖಾಲಿದ್ ಅಬ್ದುಲ್ಲಾ, ಟ್ರೇನರ್ ಹೆನ್ರಿ ಸೆಸಿಲ್. 2, 3, 4ನೇ ವಯಸ್ಸಿನಲ್ಲಿ ಓಡಿ 14ಕ್ಕೆ 14 ಗೆದ್ದಿತು. ಚಿಕ್ಕದಿದ್ದಾಗ ಕಡಿವಾಣಕ್ಕೆ ಸಿಗದೆ ಎಳೆದುಕೊಂಡು ಓಡುವ ಸ್ವಭಾವ. ಅದನ್ನು ಸಮಾಧಾನಕ್ಕೆ ತರುವುದೇ ಸೆಸಿಲ್ ಅವರ ದೊಡ್ಡ ಕೆಲಸ ಆಯಿತು. ಅದೇ ತಾಯಿಯ ಇನ್ನೊಂದು ಮಗ ಬುಲೆಟ್ ಟ್ರೇನ್ ಅನ್ನು ಮುಂದೆ ಓಡಿಸಿ ಫ್ರಾಂಕೆಲ್‌ಗೆ ವೇಗ ಹಿಡಿದುಕೊಡುತ್ತಿದ್ದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಸೆಸಿಲ್ 2012ರ ಕೊನೆಯ ಸೀಸನ್ ಮುಗಿಸಿಕೊಟ್ಟು ಮರುವರ್ಷ ತೀರಿಕೊಂಡರು.

2012ರ ಕ್ವೀನ್ ಆನ್ ಸ್ಟೇಕ್ಸ್‌ನಲ್ಲಿ ಫ್ರಾಂಕೆಲ್ 11 ಲೆಂಗ್ತ್ ಅಂತರದಲ್ಲಿ ಗೆದ್ದಾಗ ಎರಡನೆಯದಾಗಿ ಬಂದದ್ದು ಎಕ್ಸೆಲೆಬ್ರೇಶನ್. ಅದು ಫ್ರಾಂಕೆಲ್ ಮುಂದೆ ಐದು ಬಾರಿ ಸೋತಿತು. ಆದರೆ ಫ್ರಾಂಕೆಲ್ ಇಲ್ಲದ ಕಡೆ ಹೋಗಿ ಯುರೋಪಿನ ದೊಡ್ಡ ದೊಡ್ಡ ಮೈಲಿ ಓಟಗಳನ್ನು ಗೆದ್ದಿತು. ಅಷ್ಟು ಗಟ್ಟಿ ಕುದುರೆಯನ್ನು ಮತ್ತೆ ಮತ್ತೆ ಹಿಂದೆ ಹಾಕಿದ್ದರಿಂದಲೇ ಆ 140ಕ್ಕೆ ಬೆಲೆ. ಕೊರತೆ ಹೇಳಬೇಕೆಂದರೆ, ಫ್ರಾಂಕೆಲ್ ಇಂಗ್ಲೆಂಡ್ ಬಿಟ್ಟು ಹೊರಗೆ ಓಡಲಿಲ್ಲ. ಸುಮಾರು 2100 ಮೀಟರ್ ದಾಟಿ ಓಡಲಿಲ್ಲ. ಡರ್ಬಿ ದೂರದಲ್ಲಿ, ಅಂದರೆ 2400 ಮೀಟರ್‌ನಲ್ಲಿ, ಏನಾಗುತ್ತಿತ್ತೋ, ಯಾರಿಗೂ ತೋರಿಸಿಕೊಡಲಿಲ್ಲ.

ಫ್ಲೈಟ್‌ಲೈನ್ 2018ರಲ್ಲಿ ಹುಟ್ಟಿದ್ದು. ತಂದೆ ಟ್ಯಾಪಿಟ್, ತಾಯಿ ಫೆದರ್ಡ್. ಒಂದು ವರ್ಷದ ಮರಿ ಇದ್ದಾಗ ಸಾರಟೋಗಾ ಹರಾಜಿನಲ್ಲಿ 10 ಲಕ್ಷ ಡಾಲರ್‌ಗೆ ಹೋಯಿತು. ಓಡಿದ್ದು ಬರೀ 6 ಸಲ. 2022ರ ಪೆಸಿಫಿಕ್ ಕ್ಲಾಸಿಕ್ ಅನ್ನು 19 ಲೆಂಗ್ತ್‌ಗಿಂತ ಜಾಸ್ತಿ ಅಂತರದಲ್ಲಿ, ಬ್ರೀಡರ್ಸ್ ಕಪ್ ಕ್ಲಾಸಿಕ್ ಅನ್ನು 8 ಲೆಂಗ್ತ್‌ಗಿಂತ ಜಾಸ್ತಿ ಅಂತರದಲ್ಲಿ ಗೆದ್ದಿತು. ಆಮೇಲೆ ಓಟವೇ ನಿಂತಿತು. ಸ್ಟಡ್‌ಗೆ ಹೋಗುವ ಹೊತ್ತಿಗೆ ಅದರ ಶೇಕಡಾ 2.5ರ ಒಂದು ಪಾಲು 46 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಇಬ್ಬರಲ್ಲಿ ಒಂದನ್ನು ಆರಿಸು ಅಂದರೆ ನಾನು ಫ್ರಾಂಕೆಲ್ ಪರ. ಒಂದು ದಿನದ ಓಟದಲ್ಲಿ ಫ್ಲೈಟ್‌ಲೈನ್ ಮುಂದೆ ಬರಬಹುದು, ನಾನು ಒಪ್ಪುತ್ತೇನೆ. ಆದರೆ ಮೂರು ಸೀಸನ್ ಕಾಲು ಕೆಡದೆ, ಹಸಿವು ಕೆಡದೆ, ಪ್ರತಿ ಸಲವೂ ಮನಸ್ಸಿಟ್ಟು ಓಡುವುದು ಬೇರೆಯೇ ಗುಣ. ಪಾಲು ಹಾಕುವವರಿಗೆ ಬೇಕಾಗಿರುವುದು ಅದೇ. ಲಾಯದಲ್ಲಿ ನಿಂತೇ ಇರುವ ಕುದುರೆಗೂ ತಿಂಗಳ ಬಿಲ್ ಅಷ್ಟೇ ಬರುತ್ತದೆ.

ಸ್ಟಡ್‌ನಲ್ಲೂ ಫ್ರಾಂಕೆಲ್ ತನ್ನನ್ನು ತೋರಿಸಿಕೊಂಡಾಗಿದೆ. ಒಂದು ಕೂಡಿಕೆಗೆ 1,25,000 ಪೌಂಡ್ ಇದ್ದ ಶುಲ್ಕ 2024ಕ್ಕೆ 3,50,000 ಪೌಂಡ್ ಆಯಿತು. 2021 ಮತ್ತು 2023ರಲ್ಲಿ ಬ್ರಿಟನ್-ಐರ್ಲೆಂಡಿನ ಚಾಂಪಿಯನ್ ಸೈರ್, ಅಂದರೆ ಮಕ್ಕಳು ಗೆದ್ದ ಬಹುಮಾನದ ಲೆಕ್ಕದಲ್ಲಿ ಮೊದಲ ತಂದೆ ಕುದುರೆ. 2021ರ ಎಪ್ಸಮ್ ಡರ್ಬಿ ಗೆದ್ದ ಅಡಾಯರ್, 2022ರಲ್ಲಿ ಪ್ಯಾರಿಸ್ಸಿನ ದೊಡ್ಡ ಓಟ ಆರ್ಕ್ ಗೆದ್ದ ಆಲ್ಪಿನಿಸ್ಟಾ ಎರಡೂ ಅದರ ಮಕ್ಕಳು. ತಾನು ಓಡದ 2400 ಮೀಟರ್ ದೂರವನ್ನು ಮಕ್ಕಳು ಓಡಿ ಗೆದ್ದರು. ಫ್ಲೈಟ್‌ಲೈನ್ ಸ್ಟಡ್ ಸೇರಿದ್ದು 2023ರಲ್ಲಿ. ಮೊದಲ ವರ್ಷದ 2 ಲಕ್ಷ ಡಾಲರ್ ಶುಲ್ಕ ಬರೀ ಓಟದ ಹೆಸರಿನ ಮೇಲೆ ನಿಂತದ್ದು.

ಸೆಕ್ರೆಟೇರಿಯಟ್: ಹೆಣ್ಣುಮಕ್ಕಳ ಮೂಲಕ ಉಳಿದ ರಕ್ತ

1973ರಲ್ಲಿ ಸೆಕ್ರೆಟೇರಿಯಟ್ ಅಮೆರಿಕದ ಟ್ರಿಪಲ್ ಕ್ರೌನ್ ಗೆದ್ದಿತು. ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರರಲ್ಲೂ ಅದು ಹಾಕಿದ ದಾಖಲೆ ಸಮಯ ಇಷ್ಟು ವರ್ಷವಾದರೂ ಮುರಿದಿಲ್ಲ. ಬೆಲ್ಮಾಂಟನ್ನು 31 ಲೆಂಗ್ತ್ ಅಂತರದಲ್ಲಿ, 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿತು. ಆ ಓಟದ ವಿಡಿಯೊ ನೋಡಿ. ಕ್ಯಾಮೆರಾ ಹಿಂದೆ ಸರಿಯುತ್ತಾ ಹೋದರೂ ಎರಡನೆಯ ಕುದುರೆ ಚೌಕಟ್ಟಿಗೆ ಸಿಗುವುದೇ ಕಷ್ಟ. ಹಾಗಂತ ಸೋಲದ ಕುದುರೆ ಏನಲ್ಲ. 21ರಲ್ಲಿ 16 ಗೆಲುವು. ಬೆಲ್ಮಾಂಟ್ ಆದ ಮೇಲೂ ಅದೇ ವರ್ಷ ಎರಡು ಸಲ ಸೋತಿತು. ನನಗೆ ಆ ಸೋಲುಗಳಿಂದ ಅದರ ಮೇಲಿನ ಗೌರವ ಒಂದಿಷ್ಟೂ ಕಡಿಮೆ ಆಗಿಲ್ಲ.

ಇನ್ನು ಸ್ಟಡ್. ಮೂರನೇ ವಯಸ್ಸಿನ ಓಟ ಶುರುವಾಗುವ ಮುಂಚೆಯೇ 60.8 ಲಕ್ಷ ಡಾಲರ್‌ಗೆ ಅದರ ಪಾಲುಗಳು ಮಾರಾಟವಾಗಿದ್ದವು. ಆ ಕಾಲಕ್ಕೆ ಅದು ದಾಖಲೆ ಮೊತ್ತ. ಒಳ್ಳೆ ಮಕ್ಕಳು ಬಂದವು: 1988ರಲ್ಲಿ ಪ್ರೀಕ್ನೆಸ್ ಮತ್ತು ಬೆಲ್ಮಾಂಟ್ ಗೆದ್ದ ರೈಸನ್ ಸ್ಟಾರ್, 1986ರಲ್ಲಿ ಅಮೆರಿಕದ ವರ್ಷದ ಕುದುರೆ ಆದ ಲೇಡೀಸ್ ಸೀಕ್ರೆಟ್. ಆದರೆ ತಂದೆಯ ಜಾಗ ತುಂಬುವ ಗಂಡುಮಕ್ಕಳು ಬರಲಿಲ್ಲ. ಜನ ನಿರಾಶರಾದರು.

ಆಮೇಲೆ ನಡೆದದ್ದು ನನಗೆ ಈ ಇಡೀ ಲೋಕದಲ್ಲೇ ಅತಿ ಇಷ್ಟದ ಕಥೆ. ಅದರ ಹೆಣ್ಣುಮಕ್ಕಳು ತಾಯಂದಿರಾದಾಗ ರಕ್ತ ಮಾತಾಡಿತು. ಟರ್ಲಿಂಗುವಾ ಅನ್ನುವ ಮಗಳಿಗೆ ಸ್ಟಾರ್ಮ್ ಕ್ಯಾಟ್ ಹುಟ್ಟಿತು. ಸೀಕ್ರೆಟೇಮ್ ಅನ್ನುವ ಮಗಳಿಗೆ ಗಾನ್ ವೆಸ್ಟ್. ವೀಕೆಂಡ್ ಸರ್ಪ್ರೈಸ್ ಅನ್ನುವ ಮಗಳಿಗೆ ಎ.ಪಿ. ಇಂಡಿ. ಈ ಮೂರೂ ಅಮೆರಿಕದ ದೊಡ್ಡ ಸೈರ್‌ಗಳಾದವು. ಎ.ಪಿ. ಇಂಡಿಯ ಮಗ ಪಲ್ಪಿಟ್, ಪಲ್ಪಿಟ್‌ನ ಮಗ ಟ್ಯಾಪಿಟ್, ಟ್ಯಾಪಿಟ್‌ನ ಮಗ ಫ್ಲೈಟ್‌ಲೈನ್. ಅಂದರೆ 140 ಪಡೆದ ಆ ಕುದುರೆಯೊಳಗೆ ಸೆಕ್ರೆಟೇರಿಯಟ್ ಇದೆ, ಅದೂ ಒಬ್ಬ ಮಗಳ ಕಡೆಯಿಂದ.

ಹಾಗಾದರೆ ಸೆಕ್ರೆಟೇರಿಯಟ್ ರಕ್ತ ಇದ್ದರೆ ಸಾಕಾ? ಸಾಲದು. 2006ರಲ್ಲಿ ಗ್ರೀನ್ ಮಂಕಿ ಅನ್ನುವ ಎರಡು ವರ್ಷದ ಗಂಡು ಕುದುರೆ 160 ಲಕ್ಷ ಡಾಲರ್‌ಗೆ ಹೋಯಿತು. ಅದು ಸ್ಟಾರ್ಮ್ ಕ್ಯಾಟ್‌ನ ಮೊಮ್ಮಗ, ಅಂದರೆ ಇದೇ ರಕ್ತ. ಮೂರು ಸಲ ಓಡಿತು. ಒಂದೂ ಗೆಲ್ಲಲಿಲ್ಲ.

ವಿಂಕ್ಸ್: ಹೆಣ್ಣು ಕುದುರೆಯನ್ನು ಕಡಿಮೆ ಅಂದುಕೊಳ್ಳಬೇಡಿ

ಆಸ್ಟ್ರೇಲಿಯಾದ ವಿಂಕ್ಸ್ 43 ಸಲ ಓಡಿ 37 ಗೆದ್ದಿತು. ಕೊನೆಯ 33 ಓಟವೂ ಸತತ ಗೆಲುವು. 2015ರಿಂದ 2018ರವರೆಗೆ ನಾಲ್ಕು ವರ್ಷ ಅಲ್ಲಿನ ದೊಡ್ಡ ಓಟ ಕಾಕ್ಸ್ ಪ್ಲೇಟ್ ಅದರದ್ದೇ. ಗ್ರೂಪ್ 1, ಅಂದರೆ ಅತಿ ಮೇಲಿನ ದರ್ಜೆಯ ಓಟಗಳಲ್ಲಿ ಗೆಲುವು 25. ಒಂದು ವರ್ಷದ ಮರಿ ಇದ್ದಾಗ ಕೊಟ್ಟ ಬೆಲೆ 2,30,000 ಆಸ್ಟ್ರೇಲಿಯನ್ ಡಾಲರ್. ಅಲ್ಲಿನ ದೊಡ್ಡ ಹರಾಜುಗಳ ಮಟ್ಟಿಗೆ ಇದು ಅಂಥ ದೊಡ್ಡ ಮೊತ್ತವೇನಲ್ಲ.

2018ರ ಪಟ್ಟಿಯಲ್ಲಿ ವಿಂಕ್ಸ್‌ಗೂ ಫ್ರಾಂಕೆಲ್‌ನ ಮಗ ಕ್ರಾಕ್ಸ್‌ಮನ್‌ಗೂ 130 ಕೊಟ್ಟು ಜಂಟಿಯಾಗಿ ಮೊದಲ ಸ್ಥಾನದಲ್ಲಿ ಇಟ್ಟರು. ಇಲ್ಲಿ ಒಂದು ವಿಷಯ ಗಮನಿಸಿ. ಹೆಣ್ಣು ಕುದುರೆಗೆ ಗಂಡಿನ ಜೊತೆ ಓಡುವಾಗ ತೂಕದ ರಿಯಾಯಿತಿ ಇರುತ್ತದೆ, ಯುರೋಪಿನಲ್ಲಿ ಸಾಮಾನ್ಯವಾಗಿ 3 ಪೌಂಡ್. ಪಟ್ಟಿಯಲ್ಲಿ ಗಂಡು ಹೆಣ್ಣುಗಳನ್ನು ಹೋಲಿಸುವಾಗ ಅಷ್ಟನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳಬೇಕು. ಇಲ್ಲದಿದ್ದರೆ ಹೆಣ್ಣು ಕುದುರೆಗೆ ಅನ್ಯಾಯ ಆಗುತ್ತದೆ.

ಸ್ಟಡ್ ಕಡೆಯಿಂದ ವಿಂಕ್ಸ್ ಕಥೆ ಬೇಸರದ್ದು. 2020ರಲ್ಲಿ ಮೊದಲ ಮರಿ ಉಳಿಯಲಿಲ್ಲ. ಮುಂದೆ ಪಿಯೆರೊ ಅನ್ನುವ ಸ್ಟಾಲಿಯನ್‌ನಿಂದ (ತಳಿಗೆ ಬಿಟ್ಟ ಗಂಡು ಕುದುರೆ) ಒಂದು ಹೆಣ್ಣು ಮರಿ ಹುಟ್ಟಿತು. 2024ರಲ್ಲಿ ಅದು 100 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೆ ಹೋಯಿತು. ತಾಯಿ ಕುದುರೆ 11 ತಿಂಗಳು ಹೊತ್ತು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಬೇಡಿಕೆ ಇರುವ ಸ್ಟಾಲಿಯನ್‌ಗೆ ಅದೇ ವರ್ಷ ನೂರಕ್ಕೂ ಜಾಸ್ತಿ ಮರಿ ಬರಬಹುದು. ಹೆಣ್ಣು ಚಾಂಪಿಯನ್‌ಗೆ ತನ್ನನ್ನು ತೋರಿಸಿಕೊಳ್ಳಲು ಸಿಗುವ ಅವಕಾಶವೇ ಕಡಿಮೆ. 25ಕ್ಕೆ 25 ಗೆದ್ದ ಬ್ಲ್ಯಾಕ್ ಕ್ಯಾವಿಯರ್‌ಗೂ ತನ್ನಂಥ ಇನ್ನೊಂದು ಮರಿ ಬರಲಿಲ್ಲ.

ವಿಂಕ್ಸ್‌ನ ತಂದೆ ಸ್ಟ್ರೀಟ್ ಕ್ರೈ. 20ರಲ್ಲಿ 19 ಗೆದ್ದ ಅಮೆರಿಕದ ಜೆನ್ಯಾಟಾ ಕೂಡ ಅದರ ಮಗಳೇ. ಎರಡೂ ಹೆಣ್ಣು, ಎರಡೂ ಹಿಂದಿನಿಂದ ಬಂದು ಗೆಲ್ಲುವ ಜಾತಿ. ನಿಮ್ಮ ಕ್ಯಾಟಲಾಗ್‌ನಲ್ಲಿ ಸ್ಟ್ರೀಟ್ ಕ್ರೈ ಹೆಸರು ಕಂಡರೆ ಅದು ಗಂಡು ಮರಿಯೋ ಹೆಣ್ಣು ಮರಿಯೋ ಅಂತ ಒಂದು ಸಲ ನೋಡಿ. ಹೆಣ್ಣಾದರೆ ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ನೋಡುತ್ತೇನೆ.

ಅಣ್ಣ ತಮ್ಮಂದಿರು: ಈಕ್ವಿನಾಕ್ಸ್ ಹೇಳುವುದು

2023ರಲ್ಲಿ 135 ಪಡೆದು ಲೋಕದ ಮೊದಲನೆಯದಾದದ್ದು ಜಪಾನಿನ ಈಕ್ವಿನಾಕ್ಸ್. 10 ಓಟ, 8 ಗೆಲುವು, 2 ಎರಡನೇ ಸ್ಥಾನ. ದುಬೈನ ಶೀಮಾ ಕ್ಲಾಸಿಕ್, ಟೆನ್ನೊ ಶೋ, ಜಪಾನ್ ಕಪ್ ಒಂದೇ ವರ್ಷ.

ಅದರ ವಂಶ ನೋಡಿದರೆ ಆಶ್ಚರ್ಯ. ಸಂಡೇ ಸೈಲೆನ್ಸ್ ಅನ್ನುವ ಅಮೆರಿಕದ ಕುದುರೆಯನ್ನು ಚಿಕ್ಕಂದಿನಲ್ಲಿ ಯಾರೂ ಇಷ್ಟಪಡಲಿಲ್ಲ. 1989ರಲ್ಲಿ ಅದು ಕೆಂಟಕಿ ಡರ್ಬಿ, ಪ್ರೀಕ್ನೆಸ್ ಗೆದ್ದ ಮೇಲೂ ಅಲ್ಲಿನ ಬ್ರೀಡರ್‌ಗಳಿಗೆ ಮನಸ್ಸು ಬರಲಿಲ್ಲ. ಜಪಾನಿನವರು ಕೊಂಡುಹೋದರು, ಅಲ್ಲಿನ ತಳಿಯೇ ಬದಲಾಯಿತು. ಅದಕ್ಕೆ ಒಂದೇ ತಾಯಿಯಲ್ಲಿ ಹುಟ್ಟಿದ ಇಬ್ಬರು ಮಕ್ಕಳು: ಬ್ಲ್ಯಾಕ್ ಟೈಡ್ ಮತ್ತು ಡೀಪ್ ಇಂಪ್ಯಾಕ್ಟ್. ತಮ್ಮ ಡೀಪ್ ಇಂಪ್ಯಾಕ್ಟ್ 2005ರಲ್ಲಿ ಜಪಾನಿನ ಟ್ರಿಪಲ್ ಕ್ರೌನ್ ಗೆದ್ದು ದೇಶದ ಕಣ್ಮಣಿ ಆಯಿತು. ಅಣ್ಣ ಬ್ಲ್ಯಾಕ್ ಟೈಡ್ ಸಾಧಾರಣವಾಗಿ ಓಡಿ ನಿವೃತ್ತಿ ಆಯಿತು. ಆದರೆ ಈಕ್ವಿನಾಕ್ಸ್ ಬಂದದ್ದು ಅಣ್ಣನ ಕಡೆಯಿಂದ. ಬ್ಲ್ಯಾಕ್ ಟೈಡ್‌ನ ಮಗ ಕಿಟಾಸನ್ ಬ್ಲ್ಯಾಕ್, ಅದರ ಮಗ ಈಕ್ವಿನಾಕ್ಸ್.

ಇದಕ್ಕೆ ಉಲ್ಟಾ ಉದಾಹರಣೆ ಫ್ರಾಂಕೆಲ್ ಮನೆಯಲ್ಲೇ ಇದೆ. ಅದೇ ಗೆಲಿಲಿಯೊ, ಅದೇ ಕೈಂಡ್, ಅವಕ್ಕೆ ಹುಟ್ಟಿದ ತಮ್ಮ ನೋಬಲ್ ಮಿಷನ್. ಓಟದಲ್ಲಿ ಒಳ್ಳೆಯದೇ, 2014ರ ಚಾಂಪಿಯನ್ ಸ್ಟೇಕ್ಸ್ ಗೆದ್ದಿತು. ಅಮೆರಿಕದಲ್ಲಿ ಸ್ಟಡ್‌ಗೆ ನಿಂತಿತು. ಅಣ್ಣನ ಹತ್ತಿರಕ್ಕೂ ಬರಲಾಗಲಿಲ್ಲ. ಕೊನೆಗೆ ಜಪಾನಿಗೆ ಮಾರಿದರು.

ರೋಬಸ್ಟಾ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೇ ಒಳ್ಳೆ ತಾಯಿ ಗಿಡದ ಬೀಜ ಹಾಕಿದರೂ ಸಾಲಿನ ಗಿಡಗಳೆಲ್ಲ ಒಂದೇ ತರ ಬರುವುದಿಲ್ಲ, ಏಕೆಂದರೆ ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಒಂದೇ ತರ ಬೇಕೆಂದರೆ ಕಸಿ ಮಾಡಬೇಕು. ಕುದುರೆಯಲ್ಲಿ ಕಸಿ ಇಲ್ಲ. ರೇಸ್ ಕುದುರೆಯ ತಳಿಯಾದ ಥರೋಬ್ರೆಡ್‌ನ ವಂಶ ದಾಖಲೆ, ಅಂದರೆ ಸ್ಟಡ್‌ಬುಕ್, ಕೃತಕ ಗರ್ಭಧಾರಣೆಯನ್ನೂ ಕ್ಲೋನಿಂಗನ್ನೂ ಒಪ್ಪುವುದಿಲ್ಲ. ಪ್ರತಿ ಮರಿಯೂ ಬೀಜದ ಗಿಡವೇ. ಹಾಗಾಗಿ "ಇದು ಫ್ರಾಂಕೆಲ್‌ನ ತಮ್ಮನ ಮಗ" ಅಂತ ಏಜೆಂಟ್ ಹೇಳಿದ ಕೂಡಲೇ ಚೆಕ್‌ಬುಕ್ ತೆಗೆಯಬೇಡಿ.

ಹಾಗಾದರೆ ತಾಯಿಯನ್ನೇ ಯಾಕೆ ನೋಡಬೇಕು?

ರಕ್ತ ಇಬ್ಬರಿಂದಲೂ ಅರ್ಧರ್ಧ ಬರುತ್ತದೆ, ನಿಜ. ಆದರೆ ತಂದೆಗೆ ನೂರಾರು ಮಕ್ಕಳು. ಜೊತೆಗೆ ಹೆಸರಾಂತ ಸ್ಟಾಲಿಯನ್‌ಗೆ ಒಳ್ಳೊಳ್ಳೆ ಹೆಣ್ಣು ಕುದುರೆಗಳನ್ನೇ ಕಳಿಸುತ್ತಾರೆ. ಗೆದ್ದ ನಾಲ್ಕು ಮಕ್ಕಳ ಹೆಸರು ಜಾಹೀರಾತಿನಲ್ಲಿ ಬರುತ್ತದೆ, ಉಳಿದವು ಕಾಣುವುದಿಲ್ಲ. ತಾಯಿಗೆ ಜೀವಮಾನದಲ್ಲಿ ಹತ್ತು ಹನ್ನೆರಡು ಮರಿ. ಗೆದ್ದದ್ದು, ಸೋತದ್ದು, ಓಡಲೇ ಆಗದ್ದು ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತದೆ. ನಿಮ್ಮ ಮರಿಯ ಬಗ್ಗೆ ಅದಕ್ಕಿಂತ ಹತ್ತಿರದ ಸುಳಿವು ಬೇರೆ ಇಲ್ಲ.

ಅರ್ಬನ್ ಸೀ ಅನ್ನುವ ಹೆಣ್ಣು ಕುದುರೆ 1993ರ ಆರ್ಕ್ ಗೆದ್ದಿತು. ಸ್ಯಾಡ್ಲರ್ಸ್ ವೆಲ್ಸ್ ಜೊತೆ ಕೂಡಿ ಗೆಲಿಲಿಯೊವನ್ನು ಕೊಟ್ಟಿತು. ಗೆಲಿಲಿಯೊ 2001ರ ಡರ್ಬಿ ಗೆದ್ದು, ಮುಂದೆ 12 ಬಾರಿ ಚಾಂಪಿಯನ್ ಸೈರ್ ಆಯಿತು. ಅದೇ ಅರ್ಬನ್ ಸೀ ಕೇಪ್ ಕ್ರಾಸ್ ಅನ್ನುವ ಬೇರೆ ತಂದೆಯ ಜೊತೆ ಸೀ ದ ಸ್ಟಾರ್ಸ್ ಅನ್ನು ಕೊಟ್ಟಿತು. 2009ರಲ್ಲಿ ಅದು 2000 ಗಿನೀಸ್, ಡರ್ಬಿ, ಆರ್ಕ್ ಮೂರನ್ನೂ ಗೆದ್ದಿತು. ತಂದೆ ಬದಲಾದರೂ ತಾಯಿ ಕೊಡುತ್ತಲೇ ಹೋಯಿತು.

ಕ್ಯಾಟಲಾಗ್ ಪುಟದಲ್ಲಿ ದಪ್ಪ ಕಪ್ಪು ಅಕ್ಷರದಲ್ಲಿ ಹೆಸರು ಇದ್ದರೆ ಅದು ದೊಡ್ಡ ಓಟ ಗೆದ್ದದ್ದು, ಇಲ್ಲವೇ ಅಂಥ ಓಟದಲ್ಲಿ ಮೊದಲ ಮೂರರಲ್ಲಿ ಬಂದದ್ದು ಅಂತ ಅರ್ಥ. ಆ ದಪ್ಪ ಅಕ್ಷರ ತಾಯಿಯ ಕೆಳಗೇ ಇದೆಯೋ, ಮುತ್ತಜ್ಜಿಯ ಕೆಳಗಿದೆಯೋ ನೋಡಿ. ಮುತ್ತಜ್ಜಿಯ ಕಾಲದ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ. ತಾಯಿಗೆ ಓಡುವ ವಯಸ್ಸಿನ ಐದಾರು ಮಕ್ಕಳಿದ್ದು ಒಂದೂ ಗೆದ್ದಿಲ್ಲವಾದರೆ, ತಂದೆ ಯಾರೇ ಆಗಿರಲಿ, ನಾನು ಮುಂದಿನ ಪುಟಕ್ಕೆ ಹೋಗುತ್ತೇನೆ.

ಬೆಲೆ ಒಂದನ್ನೇ ನಂಬಿ ಕೂರುವುದೂ ಸರಿಯಲ್ಲ. ಇವತ್ತಿನ ಹೆಚ್ಚಿನ ದೊಡ್ಡ ಕುದುರೆಗಳ ಮೂಲದಲ್ಲಿರುವ ನಾರ್ದರ್ನ್ ಡ್ಯಾನ್ಸರ್ ಮರಿ ಇದ್ದಾಗ ಗಿಡ್ಡ ಅಂತ 25,000 ಡಾಲರ್‌ಗೂ ಯಾರೂ ಕೊಳ್ಳಲಿಲ್ಲ. ಅದರ ಮಗ ಸ್ನಾಫಿ ಡ್ಯಾನ್ಸರ್ 1983ರಲ್ಲಿ 102 ಲಕ್ಷ ಡಾಲರ್‌ಗೆ ಹೋಯಿತು, ಒಂದು ಓಟವನ್ನೂ ಓಡಲಿಲ್ಲ. 1977ರ ಟ್ರಿಪಲ್ ಕ್ರೌನ್ ಗೆದ್ದ, ಎ.ಪಿ. ಇಂಡಿಯ ತಂದೆ ಸಿಯಾಟಲ್ ಸ್ಲೂ ಬೆಲೆ 17,500 ಡಾಲರ್.

ನಮ್ಮ ದೇಶದಲ್ಲಿ

ಭಾರತಕ್ಕೆ ಬರುವ ಸ್ಟಾಲಿಯನ್‌ಗಳು ಹೊರಗೆ ಮೊದಲ ಸಾಲಿನವಾಗಿರುವುದು ಅಪರೂಪ. ಅದರಿಂದ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ರಝೀನ್ 1990ರ ಎಪ್ಸಮ್ ಡರ್ಬಿಯಲ್ಲಿ ಫೇವರಿಟ್ ಆಗಿ ಓಡಿ ಹಿಂದೆ ಬಿದ್ದಿತು. ನಾರ್ದರ್ನ್ ಡ್ಯಾನ್ಸರ್‌ನ ಮಗ. ಉಷಾ ಸ್ಟಡ್‌ಗೆ ಬಂದ ಮೇಲೆ ನಮ್ಮಲ್ಲಿ ಹಲವು ಬಾರಿ ಚಾಂಪಿಯನ್ ಸೈರ್ ಆಯಿತು. ಅದೇ ಸ್ಟಡ್‌ನ ಮಲ್ಟಿಡೈಮೆನ್ಷನಲ್ ಡೇನ್‌ಹಿಲ್‌ನ ಮಗ. ಫ್ರಾಂಕೆಲ್‌ನ ತಾಯಿ ಕೈಂಡ್ ಕೂಡ ಡೇನ್‌ಹಿಲ್‌ನ ಮಗಳು. ಕ್ಯಾಟಲಾಗ್‌ನಲ್ಲಿ ಈ ಹೆಸರು ಕಂಡಾಗ ಅದು ಎಲ್ಲಿಂದ ಬಂದದ್ದು ಅಂತ ಈಗ ನಿಮಗೆ ಗೊತ್ತು, ಅಲ್ವಾ?

ಹೆಣ್ಣು ಕುದುರೆಗಳ ಬಗ್ಗೆ ನಮ್ಮ ದೇಶದ ಚರಿತ್ರೆಯೂ ಧೈರ್ಯ ಕೊಡುತ್ತದೆ. 1943ರಲ್ಲಿ ನಡೆದ ಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಅನ್ನುವ ಹೆಣ್ಣು ಕುದುರೆ. 2010ರಲ್ಲಿ ಜಾಕ್ವೆಲಿನ್ ಗಂಡು ಕುದುರೆಗಳನ್ನು ಹಿಂದೆ ಹಾಕಿ ಅದೇ ಡರ್ಬಿ ಗೆದ್ದಿತು.

ಈಗ ನಿಮ್ಮ ಆಯ್ಕೆ

ಗಂಡು ಮರಿಯೋ ಹೆಣ್ಣು ಮರಿಯೋ ಅಂದರೆ, ಸಣ್ಣ ದುಡ್ಡಿನವರಿಗೆ ನನ್ನ ಸಲಹೆ ಹೆಣ್ಣು. ಗಂಡು ಕುದುರೆಗಳಲ್ಲಿ ಸ್ಟಾಲಿಯನ್ ಆಗುವುದು ಬೆರಳೆಣಿಕೆ. ಹಲವನ್ನು ಬೀಜ ಒಡೆಸಿ ಓಡಿಸುತ್ತಾರೆ, ಓಟ ನಿಂತ ದಿನ ಅವುಗಳ ಮಾರುಕಟ್ಟೆ ಬೆಲೆಯೂ ನಿಲ್ಲುತ್ತದೆ. ಒಳ್ಳೆ ತಾಯಿಯ ಮಗಳಿಗೆ ಓಟ ಮುಗಿದ ಮೇಲೂ ಸ್ಟಡ್‌ಗಳಿಂದ ಕೇಳಿಕೆ ಇರುತ್ತದೆ. ತಾಯಿಯ ಪುಟ ಬಡವಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುವುದಿಲ್ಲ.

ಪೂರ್ತಿ ಕುದುರೆಯೋ ಪಾಲೋ? ಮೊದಲ ಸಲಕ್ಕೆ ಪಾಲೇ ಸರಿ. ಕುದುರೆಯ ಬೆಲೆಗಿಂತ ತಿಂಗಳ ಖರ್ಚೇ ಮುಖ್ಯ. ಟ್ರೇನರ್ ಹತ್ತಿರ ತಿಂಗಳ ಶುಲ್ಕ, ಲಾಳ, ಡಾಕ್ಟರ್, ಸಾಗಣೆ ಎಲ್ಲ ಸೇರಿಸಿ ಕೇಳಿ, ಅದನ್ನು ಮೂರು ವರ್ಷಕ್ಕೆ ಗುಣಿಸಿ. ಒಂದು ರೂಪಾಯಿ ಬಹುಮಾನ ಬರದಿದ್ದರೂ ತೋಟದ ಖರ್ಚಿಗೆ ಕೈ ಹಾಕದೆ ಅದನ್ನು ಕಟ್ಟಲು ಆಗುತ್ತದೆಯೋ ನೋಡಿ. ಮಾಲೀಕರಾಗಿ ಟರ್ಫ್ ಕ್ಲಬ್‌ನ ಒಪ್ಪಿಗೆಯೂ ಬೇಕು. ಪಾಲುದಾರರ ಹೆಸರು ಕ್ಲಬ್ ದಾಖಲೆಯಲ್ಲಿ ಇರಬೇಕು, ಬರೀ ಬಾಯಿಮಾತಿನ ಪಾಲು ಬೇಡ.

ವರ್ಷದ ಮರಿಗಿಂತ ಈಗಾಗಲೇ ನಾಲ್ಕಾರು ಸಲ ಓಡಿದ ಕುದುರೆ ಕಡಿಮೆ ಕನಸಿನದು, ಕಡಿಮೆ ಅಪಾಯದ್ದು. ಓಟದ ವಿಡಿಯೊ ಸಿಗುತ್ತದೆ, ಕಾಲಿನ ಎಕ್ಸ್‌ರೇ ತೆಗೆಸಬಹುದು. ನೀವು ಗೊತ್ತುಮಾಡಿದ ಡಾಕ್ಟರ್ ಕೈಯಲ್ಲೇ ತೆಗೆಸಿ, ಮಾರುವವರ ಡಾಕ್ಟರ್ ಸಾಕಾಗುವುದಿಲ್ಲ. ಮೈಸೂರು ಎಲ್ಲಕ್ಕಿಂತ ಹತ್ತಿರ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಅಲ್ಲಿನ ರೇಸ್ ಕ್ಲಬ್ 1891ರದ್ದು, ಮಳೆಗಾಲದ ಕೊನೆಯಿಂದ ದಸರಾ ಸುತ್ತಮುತ್ತ ಮುಖ್ಯ ಸೀಸನ್. ದುಡ್ಡು ಹಾಕುವ ಮುಂಚೆ ಒಂದು ಸೀಸನ್ ಸುಮ್ನೆ ಪ್ಯಾಡಕ್ (ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸುವ ಜಾಗ) ಪಕ್ಕ ನಿಂತು ಕುದುರೆಗಳು ನಡೆಯುವುದನ್ನು ನೋಡಿ. ಓಟಕ್ಕಿಂತ ನಡಿಗೆ ಜಾಸ್ತಿ ಕಲಿಸುತ್ತದೆ.

ಕೆಲವರು ಇನ್ನೂ ಮುಂದೆ ಹೋಗಿ, ತೋಟದಲ್ಲೇ ತಾಯಿ ಕುದುರೆ ಇಟ್ಟು ಮರಿ ಮಾಡಿಸುತ್ತೇವೆ ಅನ್ನುತ್ತಾರೆ. ದಯವಿಟ್ಟು ಬೇಡ. ಕೆಂಟಕಿಯ ಹುಲ್ಲಿನ ಕೆಳಗೆ ಸುಣ್ಣಕಲ್ಲಿನ ನೆಲ ಇದೆ, ಮರಿಯ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅಲ್ಲಿಂದಲೇ ಬರುತ್ತದೆ. ನಮ್ಮದು ಹುಳಿ ಮಣ್ಣು. ಕಾಫಿಗೇ ಸುಣ್ಣ ಹಾಕುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಕೆಸರು. ಗೊರಸು ಕೊಳೆಯುತ್ತದೆ, ಬೆನ್ನಿನ ಚರ್ಮ ಹುಣ್ಣಾಗುತ್ತದೆ. ನಮ್ಮ ದೇಶದ ಹೆಸರಾಂತ ಸ್ಟಡ್‌ಗಳು ಪುಣೆ ಸುತ್ತ, ಉತ್ತರದ ಬಯಲಿನಲ್ಲಿ, ನಮ್ಮ ರಾಜ್ಯದಲ್ಲಾದರೆ ಟಿಪ್ಪು ಕಾಲದಿಂದ ಇರುವ ಕುಣಿಗಲ್‌ನಂತಹ ಒಣ ಜಾಗದಲ್ಲಿ ಇರುವುದಕ್ಕೆ ಕಾರಣ ಇದೆ. ತಾಯಿ ಕುದುರೆ ನಿಮ್ಮದೇ ಇರಲಿ, ಮರಿ ಹಾಕುವುದು ಅಂಥ ಕಡೆ ಇರಲಿ.

ಕೊಡಗಿನಲ್ಲಿ ಕುದುರೆಗೆ ಒಳ್ಳೆ ಜಾಗ ಇರುವುದು ಓಟ ಮುಗಿದ ಮೇಲೆ. ರೇಸ್ ಕುದುರೆ ಐದು, ಆರು, ಏಳನೇ ವಯಸ್ಸಿಗೆ ನಿಲ್ಲುತ್ತದೆ, ಬದುಕುವುದು 25 ವರ್ಷ. ಆ ಉಳಿದ ಕಾಲಕ್ಕೆ ಯಾರು ಹೊಣೆ ಅನ್ನುವುದನ್ನು ಪಾಲಿನ ಕರಾರಿನಲ್ಲೇ ಬರೆಸಿ: ಓಟ ನಿಲ್ಲಿಸುವ ತೀರ್ಮಾನ ಯಾರದು, ಆಮೇಲೆ ಕುದುರೆ ಎಲ್ಲಿಗೆ ಹೋಗುತ್ತದೆ, ಖರ್ಚು ಯಾವ ಪಾಲಿನಲ್ಲಿ. ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಕಡೆ ಮಳೆ ಕಡಿಮೆ. ಅಲ್ಲಿ ಎರಡು ಎಕರೆ ಎತ್ತರದ, ನೀರು ನಿಲ್ಲದ ಜಾಗ, ಮಳೆಗೆ ಒಣಗಿರುವ ಲಾಯ, ಕುದುರೆ ಮೆಂತೆ ಮತ್ತು ಒಳ್ಳೆ ಒಣಹುಲ್ಲು, ಜೊತೆಗೆ ಇನ್ನೊಂದು ಕುದುರೆ ಬೇಕು. ಒಂಟಿಯಾಗಿ ಕಟ್ಟಿದರೆ ಅದು ಕೊರಗುತ್ತದೆ. ದಕ್ಷಿಣ ಕೊಡಗಿನಲ್ಲಿ ಆನೆ ಓಡಾಡುವ ದಾರಿಯ ಪಕ್ಕ ಲಾಯ ಕಟ್ಟಬೇಡಿ. ಕುದುರೆ ಡಾಕ್ಟರ್ ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತಾರೆ ಅನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೊಟ್ಟೆನೋವು ಬಂದ ಕುದುರೆಗೆ ಕೆಲವೇ ಗಂಟೆಗಳ ಸಮಯ ಇರುತ್ತದೆ.